ಸಣ್ಣೀರವ್ವನ ಗಂಟು

ಹತ್ತಿರ ಬನ್ನಿ, ಕಾಲು ಮಡಚಿ ಕೂತ್ಕೊಳ್ಳಿ. ಹೂಂಗುಟ್ಟೋರು ಹೂಂಗುಟ್ಟಿ, ನಿದ್ದೆ ಬಂದೋರು ಗೋಡೆಗೆ ಒರಗಿಕೊಳ್ಳಿ. ಗುಡ್ಡದಯ್ಯನ ಕಥೆ ಹೇಳ್ತೀನಿ. ಆ ಪುಣ್ಯಾತ್ಮನ್ನ ನೆನೆದರೆ ಈಗಲೂ ಕೈ ತಾನಾಗೇ ಮುಗಿಯುತ್ತೆ.

ಹೊಳೆ ದಂಡೆ ಮೇಲೆ ಅಯ್ಯನ ಮಠ. ದಾರಿಯಲ್ಲಿ ಕಳ್ಳರ ಕಾಟ, ಕೆಲವರಿಗೆ ಮನೆಯೊಳಗೇ ಕಾಟ. ಅದಕ್ಕೇ ಸುತ್ತಲಿನ ಜನ ತಾವು ಕೂಡಿಟ್ಟಿದ್ದನ್ನ ಬಟ್ಟೆಯಲ್ಲಿ ಗಂಟು ಕಟ್ಟಿ ತಂದು ಮಠದ ಅಟ್ಟದ ಮೇಲೆ ಇಡೋರು.

ಇಸಕೊಳ್ಳೋ ಕೆಲಸ ಶಿಷ್ಯ ಮರುಳಪ್ಪನದು. ಗಂಟನ್ನ ಕಣ್ಣಿಗೊತ್ತಿಕೊಂಡು ಅಟ್ಟಕ್ಕೇರಿಸಬೇಕು. ಒಳಗೇನಿದೆ ಅಂತ ಕೇಳೋ ಹಾಗಿಲ್ಲ. ಕಟ್ಟಿದ ಕೈಯೇ ಬಂದು ಬಿಚ್ಚಬೇಕು. ನ್ಯಾಯದ ಕಟ್ಟೆಯ ಅಪ್ಪಣೆ ಇಲ್ಲದೆ ಅರಸನೂ ಮುಟ್ಟೋ ಹಾಗಿರಲಿಲ್ಲ.

ಒಂದು ದಿನ ಅಯ್ಯ ಭಿಕ್ಷೆಗೆ ಹೋಗಿದ್ದಾಗ ಸುಂಕದ ಅಧಿಕಾರಿ ಬೊಮ್ಮರಸ ಬಂದ.

"ಏನಪ್ಪಾ ಮರುಳಪ್ಪ, ಅಟ್ಟ ತುಂಬಿ ತುಳುಕ್ತಾ ಇದೆಯಂತೆ?"

"ಕಟ್ಟೆಯ ಅಪ್ಪಣೆ ತಂದಿದ್ದೀರಾ, ಒಡೆಯಾ?"

"ಗಂಟು ಬಿಚ್ಚೋಕೆ ತಾನೆ ಅಪ್ಪಣೆ? ನಾನು ಮುಟ್ಟೋದೂ ಇಲ್ಲ. ಯಾರು ಬರ್ತಾರೆ, ಯಾವಾಗ ಬರ್ತಾರೆ, ಅಷ್ಟು ಹೇಳು. ಬಾಯಿಮಾತಿಗೂ ಅಪ್ಪಣೆ ಬೇಕೇನಯ್ಯಾ?"

ಮರುಳಪ್ಪ ತಲೆ ಕೆರಕೊಂಡ. ಹೌದಲ್ಲಾ, ಮಾತಿಗೆ ಎಂಥ ಅಪ್ಪಣೆ ಅನ್ನಿಸಿತು. ಗೌಡರು ಯಾವಾಗ ಬರ್ತಾರೆ ಅಂತ ಹೇಳಿದ. ಎಣ್ಣೆ ಗಾಣದವನು ಯಾವಾಗ ಅಂತ ಹೇಳಿದ. ನೇಕಾರರ ಸಣ್ಣೀರವ್ವ ಪ್ರತಿ ಸಂತೆಯ ಸಂಜೆ ಸೆರಗಿನ ಮರೆಯಲ್ಲಿ ಬರ್ತಾಳೆ, ಅವಳ ಗಂಟು ಬರ್ತಾ ಬರ್ತಾ ದಪ್ಪ ಆಗ್ತಿದೆ ಅಂತಲೂ ಅಂದ.

ಬೊಮ್ಮರಸ ಮೀಸೆ ಸವರಿಕೊಂಡು ಎದ್ದು ಹೋದ.

ಮಧ್ಯಾಹ್ನ ಅಯ್ಯ ಬಂದಾಗ ಮರುಳಪ್ಪ ಎದೆಯುಬ್ಬಿಸಿ ಎಲ್ಲಾ ಒಪ್ಪಿಸಿದ.

"ಒಂದು ಗಂಟನ್ನೂ ಮುಟ್ಟಗೊಡಲಿಲ್ಲ, ಬುದ್ಧೀ. ಬರೀ ಹೋಗೋದು ಬರೋದು ಹೇಳಿದೆ."

ಅಯ್ಯ ಕಾಲು ತೊಳಕೊಂಡು ಊಟಕ್ಕೆ ಕೂತ. ಶಿಷ್ಯರೆಲ್ಲ ಪಂಕ್ತಿಯಲ್ಲಿ ಕೂತಿದ್ದರು. ಮುದ್ದೆ ಮುರಿಯುತ್ತಾ ಅಯ್ಯ ಹೇಳಿದ:

"ನಮ್ಮ ಮರುಳಪ್ಪ ಸೋಮವಾರ ಸೂಲಗಿತ್ತಿ ದ್ಯಾವಕ್ಕನ ಮನೆಗೆ ಹೋಗ್ತಾನೆ. ಶುಕ್ರವಾರವೂ ಹೋಗ್ತಾನೆ. ಹಿತ್ತಲ ಬಾಗಿಲಿಂದ ಹೋಗ್ತಾನೆ. ಬರುವಾಗ ಆ ಕಡೆ ಈ ಕಡೆ ನೋಡಿಕೊಂಡು ಬರ್ತಾನೆ."

ಪಂಕ್ತಿ ಗೊಳ್ಳೆಂದಿತು.

"ಗಂಡೋ ಹೆಣ್ಣೋ, ಮರುಳಣ್ಣಾ?" ಅಂದ ಒಬ್ಬ.

"ತೊಟ್ಟಿಲು ಎಲ್ಲಿ ಕಟ್ಟೋಣ?" ಅಂದ ಇನ್ನೊಬ್ಬ.

ಮರುಳಪ್ಪನ ಮುಖ ಬೆಂದ ಬದನೆಕಾಯಿ ಆಯ್ತು.

"ಅಯ್ಯೋ ಬುದ್ಧೀ, ಅಂಥಾದ್ದೇನಿಲ್ಲ! ಗಜಕರ್ಣ! ತೊಡೆ ಸಂದಿಯಲ್ಲಿ ಗಜಕರ್ಣ ಎದ್ದು ಉರೀತಿದೆ. ಅವಳ ಹತ್ತಿರ ಸೊಪ್ಪಿನ ರಸ ಇಸಕೊಳ್ಳೋಕೆ ಹೋಗ್ತೀನಿ."

"ಹಾಗಂತ ನೀನು ಹೇಳ್ತೀಯ. ತೋರಿಸು, ನಂಬ್ತೀವಿ," ಅಂದಿತು ಪಂಕ್ತಿ.

ಮರುಳಪ್ಪ ಎರಡೂ ಕೈಯಲ್ಲಿ ಪಂಚೆ ಬಿಗಿಯಾಗಿ ಹಿಡಕೊಂಡ. ಕಣ್ಣಲ್ಲಿ ನೀರು ತುಂಬಿತು.

ಅಯ್ಯ ಅವನ ಕಡೆ ತಿರುಗಿದ. "ದ್ಯಾವಕ್ಕನ ಬಾಗಿಲು ನಾನು ತೆಗೀಲಿಲ್ಲಪ್ಪಾ. ಬರೀ ಹೋಗೋದು ಬರೋದು ಹೇಳಿದೆ."



ಅಷ್ಟರಲ್ಲಿ ಸಣ್ಣೀರವ್ವ ಏದುಸಿರು ಬಿಡ್ತಾ ಬಂದಳು. ಗಂಡ ಸತ್ತ ಮೇಲೆ ಮಗಳನ್ನ ಕಟ್ಟಿಕೊಂಡು ಮೈದುನರ ಮನೆಯಲ್ಲಿ ಮಗ್ಗದ ಮುಂದೆ ಬೆನ್ನು ಬಗ್ಗಿಸಿದವಳು.

"ಅಯ್ಯಾ, ಸುಂಕದವರು ಬಾಗಿಲಿಗೆ ಬಂದಿದ್ದರು. ಸುಂಕ ಕೊಡದೆ ಕದ್ದು ಮಾರ್ತೀಯಾ ಅಂತಾರೆ. ನಾಳೆ ಚಾವಡಿಯಲ್ಲಿ ಎಲ್ಲರ ಮುಂದೆ ನನ್ನ ಗಂಟು ಬಿಚ್ಚಿಸ್ತಾರಂತೆ. ನಾನು ಕದ್ದಿಲ್ಲ. ಆದರೆ ಮೈದುನರ ಕಣ್ಣಿಗೆ ಅದು ಬಿದ್ದರೆ ನನಗೂ ಮಗಳಿಗೂ ಉಳಿಗಾಲವಿಲ್ಲ. ಅವರಿಗೆ ಹೇಳಿದವರು ಯಾರಯ್ಯಾ?"

ಮರುಳಪ್ಪ ಎಂಜಲುಗೈಯಲ್ಲೇ ಎದ್ದು ನಿಂತ. "ನಾನೇ, ಅವ್ವಾ."

ಅವಳು ಅವನನ್ನೇ ನೋಡಿದಳು. ಬೈಯಲೂ ಇಲ್ಲ. ಬೈದಿದ್ದರೆ ಹಗುರಾಗ್ತಿತ್ತು ಅನ್ನಿಸಿತು ಅವನಿಗೆ.

"ನಾನೀಗ ಏನು ಮಾಡಲಿ, ಬುದ್ಧೀ?" ಅಂದ ಮರುಳಪ್ಪ.

"ಕೈ ತೊಳಕೋ," ಅಂದ ಅಯ್ಯ.

ಬೆಳಗಾಯ್ತು. ಬೊಮ್ಮರಸ ಆಳುಗಳ ಜೊತೆ ಬಂದ. ನೋಡಿದರೆ ಅಟ್ಟಕ್ಕೆ ಏಣಿಯೇ ಇಲ್ಲ! ಮರುಳಪ್ಪ ಮೇಲೆ ಹತ್ತಿ, ಏಣಿಯನ್ನೂ ಎಳಕೊಂಡು, ಗಂಟುಗಳ ನಡುವೆ ಕೋಳಿ ಕಾವಿಗೆ ಕೂತ ಹಾಗೆ ಕೂತಿದ್ದ.

"ಇಳಿಯೋ ಕೆಳಗೆ!"

"ಅಪ್ಪಣೆ ತನ್ನಿ, ಒಡೆಯಾ. ನಾನೇ ಏಣಿ ಇಳಿಸ್ತೀನಿ."

"ನಿನ್ನೆ ಗಿಣಿ ಹಂಗೆ ಉಲಿದೆಯಲ್ಲೋ!"

"ನಿನ್ನೆ ನನಗೆ ಬುದ್ಧಿ ಇರಲಿಲ್ಲ."

ಬೊಮ್ಮರಸ ಅಯ್ಯನ ಕಡೆ ತಿರುಗಿದ. "ಅಯ್ಯನೋರೇ, ತಪ್ಪು ಮಾಡದವಳಿಗೆ ಭಯ ಯಾಕೆ?"

"ಹೌದಪ್ಪಾ," ಅಂದ ಅಯ್ಯ. "ನಿನ್ನ ಮುಂಡಾಸು ಒಂಚೂರು ಬಿಚ್ಚು."

ಬೊಮ್ಮರಸನ ಕೈ ತಟ್ಟನೆ ತಲೆಗೆ ಹೋಯ್ತು. "ಯಾಕೆ?"

"ಕದ್ದಿದ್ದೇನೂ ಇಲ್ಲವಲ್ಲ ಒಳಗೆ. ಭಯ ಯಾಕೆ?"

ಆಳುಗಳು ನಗು ನುಂಗಿಕೊಂಡರು. ಬೊಮ್ಮರಸ ದುಮುಗುಡ್ತಾ ನ್ಯಾಯದ ಕಟ್ಟೆಗೆ ಹೋದ. ಕಟ್ಟೆಯ ಹಿರಿಯರು ಕೇಳಿದರು: "ದೂರು ಕೊಟ್ಟವರು ಯಾರು?" ಯಾರೂ ಇಲ್ಲ. "ಕಂಡವರು ಯಾರು?" ಯಾರೂ ಇಲ್ಲ. "ಮತ್ತೆ ನಿನ್ನ ಹತ್ತಿರ ಇರೋದೇನು?" "ಅವಳು ಪದೇ ಪದೇ ಮಠಕ್ಕೆ ಹೋಗ್ತಾಳೆ, ಸ್ವಾಮಿ."

"ಒಳ್ಳೇದು. ನೀನೂ ಹೋಗಿ ಬಾ," ಅಂದರು ಹಿರಿಯರು. ಅಪ್ಪಣೆ ಕೊಡಲಿಲ್ಲ.

ಸುದ್ದಿ ಬರೋವರೆಗೂ ಮರುಳಪ್ಪ ಇಳಿಯಲಿಲ್ಲ, ಅನ್ನ ನೀರು ಮುಟ್ಟಲಿಲ್ಲ. ಸಣ್ಣೀರವ್ವನೇ ಅಂಬಲಿ ತಂದು ಕೆಳಗೆ ನಿಂತಳು.

"ಇಳಿದು ಬಾ, ನನ್ನಪ್ಪಾ. ಕುಡಿ."

"ನಿನ್ನ ಕೈಯ ಅಂಬಲಿಗೆ ನಾನು ಯೋಗ್ಯನೇನವ್ವಾ?"

"ಬಾಯಿ ಬಿಟ್ಟವನೂ ನೀನೇ, ಕಾದವನೂ ನೀನೇ. ನಾನು ಹಿಂದಿನದನ್ನ ಹೊಳೆಗೆ ಬಿಟ್ಟೆ. ನೀನು ಕುಡಿ."

ಅವನು ಕುಡಿದ. ಆ ಅಂಬಲಿಯ ರುಚಿ ಸಾಯೋವರೆಗೂ ನಾಲಿಗೆ ಮೇಲಿತ್ತು ಅಂತ ಹೇಳಿಕೊಳ್ತಿದ್ದನಂತೆ.

ಆಮೇಲೆ ಯಾರು ಏನಾದರು ಅಂತೀರಾ? ಬೊಮ್ಮರಸನ್ನ ಅರಸ ದೂರದ ಉಪ್ಪಿನ ಗದ್ದೆ ಕಾಯೋಕೆ ಕಳಿಸಿದ. ವಯಸ್ಸಾದ ಮೇಲೆ ಅವನೂ ಒಂದು ಪುಟ್ಟ ಗಂಟು ಹಿಡಕೊಂಡು ಮಠಕ್ಕೆ ಬಂದ. ಮರುಳಪ್ಪ ಅದನ್ನೂ ಕಣ್ಣಿಗೊತ್ತಿಕೊಂಡು ಅಟ್ಟಕ್ಕೇರಿಸಿದ. ದ್ಯಾವಕ್ಕ ಊರಿನ ಅರ್ಧ ಮಕ್ಕಳ ಹೆರಿಗೆಯನ್ನ ತನ್ನ ಕೈಯಲ್ಲೇ ಮಾಡಿಸಿ, ನಗ್ತಾ ನಗ್ತಾ ಕಣ್ಣು ಮುಚ್ಚಿದಳು. ಸಣ್ಣೀರವ್ವ ಒಂದು ದಿನ ಬಂದು ತನ್ನ ಗಂಟು ಇಸಕೊಂಡಳು, ಅಯ್ಯನ ಪಾದಕ್ಕೆ ಹಣೆ ಹಚ್ಚಿದಳು, ಮಗಳ ಕೈ ಹಿಡಿದು ಹೊಳೆ ದಾಟಿದಳು. ಆಚೆ ದಡದಲ್ಲಿ ಅವಳದೇ ಮಗ್ಗ, ಅವಳದೇ ಸೂರು. ಮರುಳಪ್ಪ ಅಯ್ಯನ ತರುವಾಯ ಮಠಕ್ಕೆ ಹಿರಿಯನಾದ.

ಆದರೆ ಅವಳು ಹೊಳೆ ದಾಟಿದ ಆ ದಿನ ದಂಡೆ ಮೇಲೆ ನಿಂತಿದ್ದ ಮರುಳಪ್ಪ ತಡೀಲಾರದೆ ಕೇಳಿಯೇಬಿಟ್ಟ.

"ಬುದ್ಧೀ, ಈಗಲಾದರೂ ಹೇಳಿ. ಆ ಗಂಟಿನಲ್ಲಿ ಇದ್ದದ್ದು ಏನು?"

ಅಯ್ಯ ದೋಣಿ ಕಣ್ಮರೆಯಾಗೋವರೆಗೂ ನೋಡಿದ.

"ಅವಳದು, ಕಣಪ್ಪಾ."