ಮುತ್ತಿನಹೊಳೆಗೆ ರಾಜ ಕಟ್ಟಿಸಿದ ಗೋಡೆ

ಹೇಳು ನೋಡೋಣ ಕೂಸೇ, ಆನೆಯೆತ್ತರದ ಗೋಡೆ ಕಟ್ಟಿಸಿದ ರಾಜ ತಾನೇ ಮುಂದೆ ನಿಂತು ಅದನ್ನು ಕೆಡವಿಸಿದನಂತೆ, ಯಾಕಿದ್ದೀತು? ಶತ್ರು ಬಂದನಾ? ಅಲ್ಲ. ಗೋಡೆಯೊಳಗೆ ನಿಧಿ ಇತ್ತಾ? ಊಹೂಂ. ರಾಜನಿಗೆ ಹುಚ್ಚು ಹಿಡಿದಿತ್ತಾ? ಛೇ, ಹಾಗೆಲ್ಲ ಅನ್ನಬಾರದು, ಅವನು ಒಳ್ಳೆಯ ರಾಜ. ಮೂರು ಸಲ ಹೇಳಿದೆ, ಮೂರೂ ತಪ್ಪು. ಕಾಲು ಒಳಗೆ ಎಳೆದುಕೋ, ಹೊದಿಕೆ ಸರಿಯಾಗಿ ಹೊದ್ದುಕೋ, ಹೇಳ್ತೀನಿ.

ಒಂದಾನೊಂದು ಕಾಲದಲ್ಲಿ, ಹೊಳೆಗಳಿಗೆ ಸೇತುವೆ ಅಂದರೆ ಏನೂಂತಲೇ ಗೊತ್ತಿಲ್ಲದ ಕಾಲದಲ್ಲಿ, ತೋರಣಪುರ ಅಂತ ಒಂದು ಪಟ್ಟಣ ಇತ್ತಂತೆ. ಅದರ ದಕ್ಷಿಣಕ್ಕೆ ಮುತ್ತಿನಹೊಳೆ. ಬೇಸಿಗೆಯಲ್ಲಿ ನೋಡಿದರೆ ಪಾಪದ ಹೊಳೆ, ಕರುಗಳು ದಾಟೋವಷ್ಟು ನೀರು. ಮಳೆಗಾಲ ಬಂತೋ, ಮರಗಳನ್ನು ಬೇರು ಸಮೇತ ಹೊತ್ತುಕೊಂಡು, ಗುಡುಗಿನ ಹಾಗೆ ಸದ್ದು ಮಾಡಿಕೊಂಡು, ಒಂದು ಸಮುದ್ರವೇ ಎದ್ದು ನಡೆದು ಬಂದ ಹಾಗೆ ಬರ್ತಿತ್ತಂತೆ. ನೋಡಿದವರು ಕೈಮುಗಿದು ನಿಂತುಬಿಡೋರು, ಓಡೋದು ಆಮೇಲೆ. ಊರಿನ ರಾಜ ಬೊಪ್ಪರಾಯ. ಅವನಿಗೆ ಒಬ್ಬಳೇ ಮಗಳು, ಪದುಮವ್ವ. ಅವಳನ್ನು ಆಚೆ ದಡದ ಹುಣಸೆಕೊಪ್ಪಕ್ಕೆ ಕೊಟ್ಟಿತ್ತು. ಹುಣಸೆಕೊಪ್ಪವೂ ಬೊಪ್ಪರಾಯನದೇ ರಾಜ್ಯ, ಅದನ್ನು ಮರೀಬೇಡ.

ಒಂದು ವರ್ಷ ಏನಾಯ್ತು ಅಂದರೆ ಹೊಳೆ ಉಕ್ಕಿ ತೋರಣಪುರದ ಕುಂಬಾರಗೇರಿಗೆ ನುಗ್ಗಿ, ಸುಡದೆ ಇಟ್ಟಿದ್ದ ಮಡಕೆಗಳನ್ನೆಲ್ಲ ಮತ್ತೆ ಮಣ್ಣು ಮಾಡಿ ಹೋಯ್ತಂತೆ. ರಾಜನ ಕರುಳು ಚುರುಕ್ ಅಂತು. ಪ್ರಧಾನಿ ಲಕುಮಯ್ಯನನ್ನು ಕರೆಸಿ, ಲಕುಮಯ್ಯ, ಬೊಕ್ಕಸ ತೆಗಿ, ಊರಿಗೊಂದು ತಡೆಗೋಡೆ ಕಟ್ಟಿಸು ಅಂದ. ಲಕುಮಯ್ಯ ಕಟ್ಟಿಸಿದ, ಸೊಂಟದೆತ್ತರ. ಆಮೇಲೆ ಆಚೆ ದಡದ ಗೌಡರು ನಾಲ್ಕು ಜನ ಹರಿಗೋಲು ಹತ್ತಿ ಬಂದು, ಬುದ್ಧೀ, ನಮ್ಮ ದಡಕ್ಕೂ ಏನಾದರೂ ಮಾಡಿ ಅಂದರೆ, ಲಕುಮಯ್ಯ ಎಲೆಯಡಿಕೆ ಕೊಟ್ಟು ಬಹಳ ಮರ್ಯಾದೆಯಿಂದ, ಬರುವ ವರ್ಷ ನೋಡೋಣ ಅಂದನಂತೆ.

ಬರುವ ವರ್ಷ ಹೊಳೆಯೇ ಬಂತು. ಸೊಂಟದೆತ್ತರದ ಗೋಡೆಯನ್ನು ಹೊಸಿಲು ದಾಟಿದ ಹಾಗೆ ದಾಟಿತು. ರಾಜ ಮತ್ತೆ ಬೊಕ್ಕಸ ತೆಗೆಸಿ ಆಳೆತ್ತರ ಕಟ್ಟಿಸಿದ. ಆಚೆ ದಡದವರು ಮತ್ತೆ ಬಂದರು, ಮತ್ತೆ ಎಲೆಯಡಿಕೆ, ಮತ್ತೆ ಬರುವ ವರ್ಷ. ಅವರಲ್ಲೊಬ್ಬ ಮುದುಕ ಗೌಡ ಎಲೆ ಮಡಚುತ್ತಾ, ಪ್ರಧಾನಿಗಳೇ, ನಿಮ್ಮ ಎಲೆಯಡಿಕೆ ತಿಂದೂ ತಿಂದೂ ನಮ್ಮ ಬಾಯಿ ಕೆಂಪಾಯ್ತು, ಹೊಳೆ ಮಾತ್ರ ನಮ್ಮ ಅಡಿಗೆಮನೆಗೇ ಬರ್ತಿದೆ ಅಂದನಂತೆ. ಸಭೆಯವರೆಲ್ಲ ನಕ್ಕರು. ಲಕುಮಯ್ಯನೂ ನಕ್ಕ. ನಕ್ಕಿದ್ದಷ್ಟೇ ಬಂತು.

ಮೂರನೆಯ ವರ್ಷ ಹೊಳೆ ಆ ಆಳೆತ್ತರವನ್ನೂ ದಾಟಿದ ಮೇಲೆ, ಆನೆಯೆತ್ತರ ಕಟ್ಟಬೇಕು ಅಂತ ಆಯ್ತು. ಅಷ್ಟು ಎತ್ತರದ ಗೋಡೆಗೆ ಬಾಗಿಲು ಬೇಡವೇ, ಹೆಂಗಸರು ಹೊಳೆಗೆ ಇಳಿಯೋದು ಹೇಗೆ, ದೋಣಿಯವರು ಹತ್ತೋದು ಹೇಗೆ ಅಂತ ಕಲ್ಲುಕುಟಿಗರು ಕೇಳಿದರು. ಆಸ್ಥಾನದ ಜೋಯಿಸರು ಕಿವಿ ಮುಚ್ಚಿಕೊಂಡುಬಿಟ್ಟರಂತೆ. ಶಿವಶಿವಾ, ದಕ್ಷಿಣಕ್ಕೆ ಬಾಗಿಲಾ? ಯಮನ ದಿಕ್ಕಿಗೆ? ಮನೆಗೇ ಇಡಬಾರದು, ಇನ್ನು ಊರಿಗೆ ಇಡ್ತೀರಾ? ರಾಜ ಹೌದಲ್ಲ ಅಂದ, ಪ್ರಧಾನಿ ಹೌದೌದು ಅಂದ, ಇಡೀ ಊರೇ ಹೌದು ಅಂತ ತಲೆ ಆಡಿಸಿತು. ಹಾಗಾಗಿ ಈ ತುದಿಯಿಂದ ಆ ತುದಿಗೆ ಗೋಡೆ ಎದ್ದಿತು, ಅದರಲ್ಲಿ ಒಂದು ಕಿಂಡಿಯೂ ಇಲ್ಲ. ಇಂಥಾ ಗೋಡೆ ಭೂಮಿ ಮೇಲೆ ಇಲ್ಲ ಅಂತ ಜನ ಅದರ ಮೇಲೆ ಹತ್ತಿ ನಡೆದಾಡಿ ಹಿಗ್ಗಿದರಂತೆ.

ಆಮೇಲೆ ಮಳೆ ಹಿಡೀತು. ಎಂಥಾ ಮಳೆ ಅಂತೀಯಾ! ಹಗಲು ಯಾವುದು ಸಂಜೆ ಯಾವುದು ಅಂತ ಕೋಳಿಗಳಿಗೇ ತಿಳೀದೆ ಹೋಯ್ತಂತೆ. ಹೊಳೆ ಬಂದು ಗೋಡೆಗೆ ಒಂದು ಸಲ ಹಾಯ್ದಿತು, ಗೋಡೆ ಅಲ್ಲಾಡಲಿಲ್ಲ. ಎರಡನೆಯ ಸಲ ಹಾಯ್ದಿತು, ಅಲ್ಲಾಡಲಿಲ್ಲ. ಮೂರನೆಯ ಸಲಕ್ಕೆ ಹೊಳೆ, ಹೋಗಲಿ ಬಿಡು ಅಂದುಕೊಂಡ ಹಾಗೆ ಮಗ್ಗುಲು ತಿರುಗಿಸಿ ಆಚೆ ದಡಕ್ಕೆ ಹೋಯ್ತು. ತಡೆದ ನೀರು ಎಲ್ಲಿಗಾದರೂ ಹೋಗಲೇಬೇಕಲ್ಲ ಕೂಸೇ. ಈಚೆಗೆ ಬರಬೇಕಾದ್ದೂ ಸೇರಿ ಎಲ್ಲವೂ ಹುಣಸೆಕೊಪ್ಪಕ್ಕೇ ಹೋಯ್ತು.

ಅಲ್ಲಿ ಪದುಮವ್ವ ತುಂಬಿದ ಬಸುರಿ. ದನಕರು, ಮುದುಕರು ಮಕ್ಕಳು ಎಲ್ಲ ಗುಡ್ಡ ಹತ್ತಿದರು. ಅವಳಿಗೆ ಹತ್ತೋಕೆ ಆಗದು, ಬೆಳಗಿನಿಂದ ನೋವು ಬೇರೆ ಶುರುವಾಗಿದೆ. ಗಂಡ ಅವಳನ್ನು ದೊಡ್ಡ ಹರಿಗೋಲಿನಲ್ಲಿ ಕೂರಿಸಿ, ಮೊದಲ ಹೆರಿಗೆ ತವರಲ್ಲೇ ಆಗಲಿ, ನಡಿ, ಅಂತ ಹುಟ್ಟು ಹಾಕಿಕೊಂಡು ಹೊರಟ. ಸುತ್ತಿ ಸುಳಿದು, ತೇಲಿ ಮುಳುಗಿ, ಅಂತೂ ಈಚೆ ದಡಕ್ಕೆ ಬಂದರೆ, ಏನಿದೆ ಅಲ್ಲಿ? ಗೋಡೆ. ಎತ್ತ ನೋಡಿದರೂ ಗೋಡೆ. ಮೆಟ್ಟಿಲಿಲ್ಲ, ಬಾಗಿಲಿಲ್ಲ.

ಗೋಡೆ ಮೇಲೆ ನಿಂತಿದ್ದ ರಾಜ ಬಗ್ಗಿ ನೋಡಿದ. ಕೆಳಗೆ ಅವನ ಮಗಳು, ಒಂದು ಕೈ ಹೊಟ್ಟೆ ಮೇಲೆ, ಒಂದು ಕೈಯಲ್ಲಿ ಗೋಡೆಯ ಕಲ್ಲು ಹಿಡಿದುಕೊಂಡಿದ್ದಾಳೆ.

ಅಪ್ಪಯ್ಯಾ, ತವರುಮನೆಗೆ ಬಾಗಿಲೇ ಇಡಿಸಲಿಲ್ಲವಲ್ಲೋ, ಅಂದಳಂತೆ.

ಏನಂದೆ? ಹಗ್ಗ ಇಳಿಬಿಡಬಹುದಿತ್ತಾ? ಅಯ್ಯೋ ಜಾಣೆ, ನೋವು ತಿನ್ನೋ ಬಸುರಿ ಹಗ್ಗ ಹಿಡಿದು ಆನೆಯೆತ್ತರ ಏರ್ತಾಳಾ! ರಾಜ ಹುಚ್ಚನ ಹಾಗೆ ಕೂಗಿದ, ಒಡೀರೋ, ಇಲ್ಲೇ ಒಡೀರೋ! ಪದುಮವ್ವ ಹಲ್ಲು ಕಚ್ಚಿಕೊಂಡು, ಬೇಡ ಅಪ್ಪಯ್ಯಾ, ಇಲ್ಲಿ ಒಡೆದರೆ ಹಿಂದುಗಡೆ ಕುಂಬಾರಗೇರಿ, ಜನ ಸಾಯ್ತಾರೆ, ಕೆಳಗಡೆ ನಿನ್ನ ಗದ್ದೆಬಯಲಿನ ಹತ್ತಿರ ಒಡಿಸು, ನಾನು ತೇಲಿಕೊಂಡು ಬರ್ತೀನಿ ಅಂದಳು. ಗದ್ದೆಬಯಲು ಅಂದರೆ ರಾಜನ ಸ್ವಂತದ್ದು. ಕಣ್ಣು ಹಾಯೋವಷ್ಟು ದೂರ ತಗ್ಗಿನ ಭೂಮಿ, ಅಲ್ಲಿ ಬೆಳೆಯೋ ಪರಿಮಳದ ಅಕ್ಕಿಯನ್ನು ರಾಜ ದೇವರಿಗೂ ಅಳೆದೇ ಕೊಡ್ತಿದ್ದನಂತೆ. ಲಕುಮಯ್ಯ, ಸ್ವಾಮೀ ನಿಮ್ಮ ಗದ್ದೆ, ಅಂತ ಶುರು ಮಾಡಿದ. ಜೋಯಿಸರು, ದಕ್ಷಿಣ ದಿಕ್ಕು, ಅಂತ ಶುರು ಮಾಡಿದರು. ರಾಜ ಇಬ್ಬರ ಕಡೆಗೂ ತಿರುಗಿ, ಆ ದಿಕ್ಕಿನಿಂದ ಯಮ ಬರ್ತಾನೋ ಇಲ್ಲವೋ ನಾ ಕಾಣೆ, ನನ್ನ ಮಗಳು ಬಂದಿದ್ದಾಳೆ, ಅಂದ.

ಆಮೇಲೆ ಪಟ್ಟದಾನೆ ಬಂತು. ಒಮ್ಮೆಗೇ ಬೀಳಿಸಿದರೆ ನೀರು ಹರಿಗೋಲನ್ನು ಒಳಕ್ಕೆ ಎತ್ತಿ ಒಗೆಯುತ್ತೆ ಅಂತ ಕುಟಿಗರು ಮೇಲಿನ ಕಲ್ಲುಗಳನ್ನು ಒಂದೊಂದೇ ಸಡಿಲಿಸಿದರು, ಆನೆ ಒಂದೊಂದೇ ಎತ್ತಿ ಪಕ್ಕಕ್ಕೆ ಇಟ್ಟಿತು. ಮೊದಲು ಹೊಳೆ ಇಣುಕಿ ನೋಡಿತಂತೆ. ಆಮೇಲೆ ರೇಷ್ಮೆ ಸೀರೆ ಬಿಚ್ಚಿ ಹಾಸಿದ ಹಾಗೆ ಮೆಲ್ಲಗೆ ಒಳಗಿಳಿದು ಗದ್ದೆ ತುಂಬಿತು, ಬದು ಮುಳುಗಿಸಿತು, ಬಯಲಿನ ಕೊನೆ ಮುಟ್ಟೋ ತನಕ ಹರಡಿ, ದಣಿದು ಬಂದ ಆನೆ ಮಲಗಿದ ಹಾಗೆ ಮಲಗಿಬಿಟ್ಟಿತು. ಗುಡುಗಿನಂಥಾ ಆ ಸದ್ದು ನಿಂತೇ ಹೋಯ್ತು. ಒಳಗಿನ ನೀರೂ ಹೊರಗಿನ ನೀರೂ ಸಮವಾದ ಮೇಲೆ, ಹರಿಗೋಲು ತೊಟ್ಟಿಲ ಹಾಗೆ ತೂಗಿಕೊಂಡು, ಆ ಕಂಡಿಯಲ್ಲಿ ಒಳಗೆ ಬಂತು. ರಾಜ ಎದೆಮಟ್ಟ ನೀರಿಗೆ ಇಳಿದು ಮಗಳನ್ನು ಎತ್ತಿಕೊಂಡ. ಆಗ ಯಾರೋ ಆಚೆ ದಡ ತೋರಿಸಿ ಕೂಗಿದರು. ನೋಡ್ತಾರೆ, ಹುಣಸೆಕೊಪ್ಪದ ಹೊಸಿಲುಗಳು ಒಂದೊಂದಾಗಿ ನೀರಿನಿಂದ ಮೇಲೇಳ್ತಿವೆ! ಹೊಳೆಗೆ ಬೇಕಾಗಿದ್ದದ್ದು ಯಾರ ಮನೆಯೂ ಅಲ್ಲ ಕೂಸೇ, ಕಾಲು ಚಾಚೋಕೆ ಒಂದಿಷ್ಟು ಜಾಗ.

ಸಂಜೆಗೆ ಪದುಮವ್ವ ಹೆತ್ತಳು, ಹೆಣ್ಣುಮಗು, ಊರೆಲ್ಲ ಕೇಳೋ ಹಾಗೆ ಅತ್ತಿತಂತೆ. ಮಳೆ ಬಿಟ್ಟ ಮೇಲೆ ರಾಜ ಎರಡೂ ದಡದವರನ್ನು ಒಂದೇ ಜಮಖಾನೆ ಮೇಲೆ ಕೂರಿಸಿ, ಮುದುಕ ಗೌಡನನ್ನು ತನ್ನ ಪಕ್ಕಕ್ಕೇ ಕರೆದು ಹೇಳಿದ: ಗದ್ದೆಬಯಲು ಇನ್ನು ಮೇಲೆ ಮಳೆಗಾಲಕ್ಕೆ ಹೊಳೆಯದು, ಬೇಸಿಗೆಗೆ ನನ್ನದು. ಗೋಡೆಯ ಮೇಲಿನ ಅರ್ಧ ಕಲ್ಲು ಆಚೆ ದಡದ ಮನೆಗಳಿಗೆ, ಜಗಲಿ ಎತ್ತರಿಸಿಕೊಳ್ಳಿ, ಬೊಕ್ಕಸದ ದುಡ್ಡೂ ಇಬ್ಬರಿಗೂ ಸಮ. ಮುಂದೆ ಎದುರು ದಡದವರು ಹೂಂ ಅನ್ನದೆ ಈ ಹೊಳೆಗೆ ಯಾರೂ ಒಂದು ಕಲ್ಲೂ ಅಡ್ಡ ಇಡಕೂಡದು. ಲಕುಮಯ್ಯ, ಅಪ್ಪಣೆ, ಬರುವ ವರ್ಷದಿಂದ, ಅನ್ನೋಕೆ ಹೋದ. ರಾಜ ನೋಡಿದ ನೋಟಕ್ಕೆ, ಈಗಲೇ ಈಗಲೇ, ಅಂತ ಎದ್ದು ಓಡಿದನಂತೆ.

ಅವರೆಲ್ಲ ಅಲ್ಲಿ ಬೆಚ್ಚಗೆ ಉಂಡು ಮಲಗಿದರು, ನಾವಿಲ್ಲಿ ಮಲಗೋಣ, ಕತೆ ದಡ ಸೇರಿ ಮುಗೀತು. ಏನು, ಇದೆಲ್ಲ ಯಾವತ್ತು ನಡೀತು ಅಂತ ಹೇಳಲೇಬೇಕಾ? ಹೆಣ್ಣುಮಕ್ಕಳು ತವರಿಗೆ ಬರೋ ಹಬ್ಬದ ದಿನವೇ ಕಣೇ. ಶ್ರಾವಣ ಶುದ್ಧ ಪಂಚಮಿ, ಶುಕ್ರವಾರ.