ನಡುವಿನ ಹಸಿ

"ಗುರುಗಳೇ, ನನ್ನ ಮೇಲೆ ನಿಮಗೆ ಇನ್ನೂ ನಂಬಿಕೆ ಬಂದಿಲ್ಲವೇ?" ಎಂದು ಅಡವಯ್ಯ ಕೇಳಿದ.

ಅವನು ಮಠದ ಹಿರಿಯ ಶಿಷ್ಯ. ಪಕ್ಕದ ಸೀಮೆಯ ಜನ ತಮಗೊಬ್ಬ ಬೋಧಕ ಬೇಕೆಂದು ಬಂದು ಹೊರಗೆ ಕೂತಿದ್ದರು. ಕಳಿಸುವುದಾದರೆ ಅಡವಯ್ಯನನ್ನೇ ಎಂದು ಎಲ್ಲರಿಗೂ ಗೊತ್ತಿತ್ತು. ಗುರುಗಳು ಮಾತ್ರ ಹೊಸಬನನ್ನು ಕೇಳುವ ಹಾಗೆ ಅವನನ್ನು ಪ್ರಶ್ನೆ ಕೇಳುತ್ತಲೇ ಇದ್ದರು. ಅವನಿಗೆ ಅದು ಅವಮಾನವಾಗಿ ಕಂಡಿತ್ತು.

"ನಂಬಿಕೆ ಇದೆ. ಅದಕ್ಕೇ ನನಗೆ ಹೆದರಿಕೆ," ಎಂದರು ಗುರುಗಳು. "ಕೂತುಕೋ. ಒಂದು ಹೂವಿನ ಕತೆ ಹೇಳುತ್ತೇನೆ."

ತಂಪು ಸೀಮೆಯಲ್ಲಿ ಒಂದು ಬಳ್ಳಿ ಬೆಳೆಯುತ್ತದೆ. ಅದರ ಹೂವಿಗೆ ಹಾಪ್ಸ್ ಎನ್ನುತ್ತಾರೆ. ಬಾಯಿಗೆ ಹಾಕಿದರೆ ಕಹಿ. ಬಾರ್ಲಿಯಿಂದ ಬಿಯರ್ ಮಾಡುವವರಿಗೆ ಅದು ಬೇಕೇ ಬೇಕು. ಮಠದಲ್ಲಿ ಕೂತು ಬಿಯರಿನ ಮಾತೇ ಎಂದು ಮೂಗು ಮುರಿಯಬೇಡ. ನಿದ್ದೆ ಬಾರದವರ ದಿಂಬಿಗೂ ಅದೇ ಹೂವನ್ನು ತುಂಬುತ್ತಾರೆ.

ಆ ಹೂವಿಗೆ ಒಂದು ದೋಷವಿದೆ. ಸರಿಯಾಗಿ ಒಣಗಿಸದೆ ಮೂಟೆಗೆ ತುರುಕಿದರೆ ನಡುವಿನ ಹಸಿ ಕಾಯತೊಡಗುತ್ತದೆ. ಹೊರಗೆ ಮುಟ್ಟಿದರೆ ತಂಪು. ಒಳಗೆ ಕಾದು ಕಾದು ಒಂದು ದಿನ ಬೆಂಕಿಯಾಗುತ್ತದೆ. ಹಸಿ ಹುಲ್ಲಿನ ಬಣವೆ ತಾನಾಗಿ ಹತ್ತಿಕೊಳ್ಳುವುದಿಲ್ಲವೇ, ಹಾಗೆ.

ಅದಕ್ಕಾಗಿ ಆ ಸೀಮೆಯವರು ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಬೆಳೆದ ಊರಿನಲ್ಲೇ ಪ್ರತಿ ಮೂಟೆಯ ಪರೀಕ್ಷೆ ಆಗಬೇಕು. ಮುದ್ರೆಗಾರನೆಂದು ನೇಮಿಸಿದವನು ಮೂಟೆಯ ಹೊಲಿಗೆ ಬಿಚ್ಚಿ, ಮೊಣಕೈವರೆಗೆ ತೋಳು ಇಳಿಸಿ, ನಡುವಿನ ಹೂವನ್ನು ತೆಗೆಯಬೇಕು. ಅದರ ಒಳದಂಟನ್ನು ಮುರಿದು ನೋಡಬೇಕು. ಚಟ್ಟೆಂದು ಮುರಿದರೆ ಒಣಗಿದೆ, ಬಾಗಿದರೆ ಹಸಿ. ಹಸಿ ಇದ್ದರೆ ಮೂಟೆ ಹಿಂದಕ್ಕೆ. ಒಣಗಿದ್ದರೆ ಸಂತೆಯ ಎದುರಿಗೇ ಹೊಲಿದು ಮುದ್ರೆ ಒತ್ತಬೇಕು. ಮುದ್ರೆ ಬಿದ್ದ ಮೂಟೆಯನ್ನು ಬಳಕೆಗೆ ತೆಗೆಯುವವರೆಗೆ ಯಾರೂ ಬಿಚ್ಚಿ ನೋಡುವಂತಿಲ್ಲ. ಬಿಚ್ಚಲೇಬೇಕಾದರೆ ಒತ್ತಿದವನೇ ತನ್ನ ತಪ್ಪು ಹೇಳಿಕೊಂಡು ಬಿಚ್ಚಬೇಕು. ಹಾಗೆ ಹೇಳಿಕೊಂಡವನ ಕೈಯಲ್ಲಿ ಮುದ್ರೆ ಉಳಿಯುವುದಿಲ್ಲ.

ಅಲ್ಲಿ ಒಬ್ಬ ರೈತನಿದ್ದ. ಅವನ ಹೂ ಒಮ್ಮೆಯೂ ಹಿಂದಕ್ಕೆ ಹೋದದ್ದಿಲ್ಲ. ಆ ವರ್ಷ ಹೂ ಒಣಗಿಸಲು ತಂದ ಸೌದೆ ಮಳೆಗೆ ನೆನೆದು, ಒಲೆ ಬರೀ ಹೊಗೆಯಾಡಿತು. ಕೊನೆಯ ಮೂಟೆಗಳ ಬಗ್ಗೆ ಅವನಿಗೇ ಅನುಮಾನವಿತ್ತು. ಹೇಗೂ ಮುದ್ರೆಗಾರ ಕೈ ಹಾಕುತ್ತಾನೆ, ಹಸಿ ಸಿಕ್ಕರೆ ಹಿಂದಕ್ಕೆ ಕೊಡುತ್ತಾನೆ, ಮತ್ತೆ ಒಣಗಿಸಿದರಾಯಿತು ಎಂದುಕೊಂಡು ಗಾಡಿ ಹೂಡಿದ. ಅವನ ಮನಸ್ಸಿನಲ್ಲಿ ಮೋಸವಿರಲಿಲ್ಲ. ಇದನ್ನು ಮರೆಯಬೇಡ.

ಮುದ್ರೆಗಾರ ಉಳಿದವರ ಮೂಟೆಗಳಿಗೆಲ್ಲ ತೋಳು ಇಳಿಸಿ ನೋಡಿದ. ಈ ರೈತನ ಸರದಿ ಬಂದಾಗ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

"ನಿಮ್ಮ ಮೂಟೆ ಬಿಚ್ಚಿದರೆ ನನ್ನ ಕೈಗೆ ಹುಳ ಬಿದ್ದೀತು ಯಜಮಾನರೇ," ಎಂದು ನಕ್ಕು, ಸಂತೆಯವರೆಲ್ಲ ನೋಡುತ್ತಿದ್ದ ಹಾಗೆಯೇ ಮುದ್ರೆ ಒತ್ತುತ್ತ ಹೋದ.

ರೈತ ಏನೋ ಹೇಳಲು ಹೋದ. ಅಂಥ ಮರ್ಯಾದೆ ಆ ಸಂತೆಯಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಸುಮ್ಮನಾದ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡದೆ ಹೋದದ್ದೂ ಉಂಟು.

ಮೂಟೆಗಳು ಒಬ್ಬ ವ್ಯಾಪಾರಿಯ ಉಗ್ರಾಣ ಸೇರಿದವು. ಮೇಲಿನ ಅಟ್ಟದಲ್ಲಿ ಹೆಂಗಸರು ಕೂತು ದಿಂಬು ಹೊಲಿಯುತ್ತಿದ್ದರು. ಎಳೆಯ ಕೂಸುಗಳನ್ನು ಅಲ್ಲೇ ಸಾಲಾಗಿ ಮಲಗಿಸಿರುತ್ತಿದ್ದರು. ಹೂವಿನ ವಾಸನೆಗೆ ಕೂಸುಗಳು ಅಳದೆ ಗಾಢವಾಗಿ ನಿದ್ದೆ ಹೋಗುತ್ತಿದ್ದವು. ಅಟ್ಟಕ್ಕಿದ್ದದ್ದು ಒಂದೇ ಏಣಿ. ಅದು ಮೂಟೆಗಳ ನಡುವೆ ಇಳಿಯುತ್ತಿತ್ತು.

ರೈತ ಮನೆಗೆ ಹೋದ. ಕೆಲವು ದಿನ ತಡೆದುಕೊಂಡು, ಕಡೆಗೆ ಮುದ್ರೆಗಾರನ ಬಳಿ ಹೋಗಿ ಸೌದೆಯ ಸಂಗತಿ ಹೇಳಿಬಿಟ್ಟ. ಇಬ್ಬರೂ ಉಗ್ರಾಣಕ್ಕೆ ಓಡಿದರು.

ಮುದ್ರೆಗಾರ ಒಂದು ಮೂಟೆಯ ಮೇಲೆ ಅಂಗೈ ಇಟ್ಟ. ತಂಪಾಗಿತ್ತು. ಇನ್ನೊಂದರ ಮೇಲೆ ಇಟ್ಟ. ಅದೂ ತಂಪಾಗಿತ್ತು. ಆದರೆ ಮೂಗಿಗೆ ಬೆಲ್ಲ ಸೀದಂಥ ವಾಸನೆ ಬಂತು. ಒಳಗೆ ಹೂ ಕಾಯುತ್ತಿದೆ ಎಂದು ಅವನಿಗೆ ಗೊತ್ತಾಯಿತು. ಕೈ ಚಾಕುವಿನ ಹಿಡಿಯ ಮೇಲೆ ಹೋಗಿ ಅಲ್ಲೇ ನಿಂತಿತು. ಮೇಲೆ ಯಾರೋ ಕೂಸಿಗೆ ಜೋಗುಳ ಹಾಡುತ್ತಿದ್ದರು.

ಅಷ್ಟರಲ್ಲಿ ವ್ಯಾಪಾರಿ ಬಂದ. "ಏನು ಸ್ವಾಮಿ, ಏನಾದರೂ ದೋಷವೇ?"

"ಇಲ್ಲ. ಹೀಗೇ ಬಂದೆ. ತಂಪಾಗಿದೆ," ಎಂದ ಮುದ್ರೆಗಾರ.

"ನಿಮ್ಮ ಮುದ್ರೆ ಇದ್ದ ಮೇಲೆ ನಮಗೇನು ಭಯ," ಎಂದ ವ್ಯಾಪಾರಿ.

ರೈತ ಹೇಳಲಿ ಎಂದು ಮುದ್ರೆಗಾರ ಕಾದ. ಮುದ್ರೆಗಾರ ಹೇಳಲಿ ಎಂದು ರೈತ ಕಾದ. ಇಬ್ಬರೂ ಹೊರಗೆ ಬಂದರು. ನಾಳೆ ಸಂತೆ ಇದೆ, ನಾಳೆ ಎಲ್ಲರೆದುರು ಹೇಳಿಬಿಡೋಣ ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು. ಅದೂ ಸುಳ್ಳಲ್ಲ, ಹೇಳಬೇಕೆಂದೇ ಇದ್ದರು.

ಬೆಂಕಿ ಸಂತೆಯ ದಿನಕ್ಕೆ ಕಾಯಲಿಲ್ಲ. ಅಂದೇ ಸಂಜೆ ಮೂಟೆಯ ನಡುವಿನಿಂದ ಎದ್ದಿತು. ಮೊದಲು ಏಣಿ ಹತ್ತಿಕೊಂಡಿತು. ಕಿಟಕಿಯಿಂದ ಹಾರಿದವರು ಉಳಿದರು. ಮಲಗಿದ್ದ ಕೂಸುಗಳು ಏಳಲಿಲ್ಲ.

ಮಾರನೆಯ ದಿನ ಸಂತೆ ಸೇರಿತು. ಬೆಂಕಿ ಎಲ್ಲಿಂದ ಬಂತೆಂದು ವಿಚಾರಣೆ ನಡೆಯಿತು. ಮೂಟೆಗಳನ್ನು ಯಾರೂ ಅನುಮಾನಿಸಲಿಲ್ಲ, ಅವುಗಳಿಗೆ ಮುದ್ರೆ ಇತ್ತಲ್ಲ. ಇಸ್ತ್ರಿಗೆಂದು ಕೆಂಡ ತಂದಿದ್ದ ಒಬ್ಬ ಹೆಂಗಸಿನ ಮೇಲೆ ತಪ್ಪು ಹೊರಿಸಿದರು. ಅವಳ ಕೂಸೂ ಅಟ್ಟದಲ್ಲಿತ್ತು. ಹಾಗಾಗಿ ಅವಳು ತನ್ನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ನನ್ನಿಂದಲೇ ಆಯಿತೇನೋ ಎಂದು ಅವಳೇ ನಂಬಿದಳು. ಮುದ್ರೆಗಾರನೂ ರೈತನೂ ಆ ಗುಂಪಿನಲ್ಲೇ ನಿಂತಿದ್ದರು. ಹಿಂದಿನ ದಿನ ಹೇಳಿದ್ದರೆ ಮುದ್ರೆ ಹೋಗುತ್ತಿತ್ತು. ಈಗ ಹೇಳಿದರೆ ಪ್ರಾಣ ಹೋಗುತ್ತಿತ್ತು. ಹೇಳಲಿಲ್ಲ.

ಇಂದಿಗೂ ಅಲ್ಲಿ ಅವನೇ ಮುದ್ರೆಗಾರ. ಈಗ ಯಾರ ಮೂಟೆಯನ್ನೂ ಬಿಡುವುದಿಲ್ಲ. ಒಣಗಿದ ಹೂವೂ ಅವನ ಕೈಗೆ ಸುಡುತ್ತದೆ. ತೋಳು ಇಳಿಸಿದವನು ತಟ್ಟನೆ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಎಂಥ ಎಚ್ಚರದ ಮನುಷ್ಯ ಎಂದು ಜನ ಹೊಗಳುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯನ ಮುಖ ಬಿಳಿಚಿಕೊಂಡಿತ್ತು. "ರೈತನಾದರೂ ಬಾಯಿ ಬಿಡಬೇಕಿತ್ತು," ಎಂದ ಮೆಲ್ಲಗೆ.

"ಹೊರಗೆ ಜನ ಕಾಯುತ್ತಿದ್ದಾರೆ ಮಗು, ನಿನ್ನ ನಡುವೆ ಎಲ್ಲೂ ಹಸಿ ಇಲ್ಲವೆಂದು ಒಂದು ಮಾತು ಹೇಳು, ಈಗಲೇ ಕಳಿಸಿಕೊಡುತ್ತೇನೆ," ಎಂದರು ಗುರುಗಳು.

ಅಡವಯ್ಯ ತಲೆ ಎತ್ತಲಿಲ್ಲ.