ಕಲ್ಲಂಗಡಿಯೊಳಗಿನ ನೀರು ಯಾರದು?

"ಇನ್ನು ಮೇಲೆ ನಮ್ಮ ಸೀಮೆಯ ಇರುವೆಯೊಂದು ಬೆಲ್ಲದ ಚೂರು ಹೊತ್ತು ಏರುಗಲ್ಲಿಗೆ ಹೊರಟರೂ ಅದನ್ನು ತಡೆದು ಸುಂಕ ಕೇಳುವ ಗಂಡಸು ಹುಟ್ಟಿಲ್ಲ" ಎಂದು ಕಡಲೆಗುಂದಿಯ ದೊರೆ ಹಂಪರಸ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಕೊಚ್ಚಿಕೊಳ್ಳಲು ಕಾರಣವಿತ್ತು. ಹೊಳೆ ಹುಟ್ಟುವ ಗುಡ್ಡಗಳ ರಾಜ್ಯ ಏರುಗಲ್ಲಿನ ಜೊತೆ ಅವನು ಆಗಷ್ಟೇ ಮುಕ್ತ ವ್ಯಾಪಾರದ ಒಪ್ಪಂದ ಮಾಡಿಕೊಂಡು ಬಂದಿದ್ದ. ಅವರ ಸರಕಿಗೆ ಇಲ್ಲಿ ಸುಂಕವಿಲ್ಲ, ನಮ್ಮ ಸರಕಿಗೆ ಅಲ್ಲಿ ಸುಂಕವಿಲ್ಲ. ಆಸ್ಥಾನಕ್ಕೆ ಆಸ್ಥಾನವೇ ಭಲೇ ಭಲೇ ಎಂದಿತು.

ಹಾಸ್ಯಗಾರ ಉಗ್ರಪ್ಪ ಮಾತ್ರ ಕೆಮ್ಮಿದ. ಹೆಸರು ಉಗ್ರಪ್ಪನಾದರೂ ಆಳು ನುಗ್ಗೆಕಾಯಿ. ಐಗಳ ಬೆತ್ತಕ್ಕೆ ಹೆದರಿ ಅರ್ಧ ಕಾಗುಣಿತಕ್ಕೇ ಮಠದ ಗೋಡೆ ಹಾರಿದವನು. ಆದರೆ ಅವನು ಕೆಮ್ಮಿದರೆ ಇನ್ಯಾರಿಗೋ ನೆಗಡಿ ಖಾತ್ರಿ ಎಂದು ಎಲ್ಲರಿಗೂ ಗೊತ್ತಿತ್ತು.

"ಏನೋ ಅದು ಕೆಮ್ಮು?" ಎಂದ ದೊರೆ.

"ಏನಿಲ್ಲ ಪ್ರಭು. ಸುಂಕ ಇಲ್ಲ ಅಂತ ಬರೆಯೋಕೆ ಒಂದು ಓಲೆ ಸಾಕಲ್ಲ, ಈ ಒಪ್ಪಂದ ಎತ್ತಿನ ಗಾಡೀಲಿ ಯಾಕೆ ಬಂತು ಅಂತ ಯೋಚನೆ ಬಂತು."

ದೊರೆಗೆ ಮೂಗಿನ ತುದಿಗೇ ಸಿಟ್ಟು. ನಡಿ, ಈಗಲೇ ಏರುಗಲ್ಲಿನ ಸುಂಕದ ಕಟ್ಟೆಗೆ ಹೋಗಿ ನೋಡೋಣ ಎಂದ. ನಮ್ಮದೊಂದು ಸರಕಾದರೂ ಅಲ್ಲಿ ನಿಂತಿದ್ದರೆ ಉಗ್ರಪ್ಪ ಕೇಳಿದ್ದು ಕೊಡುವುದು. ನಿಂತಿರದಿದ್ದರೆ ಉಗ್ರಪ್ಪನ ಮೀಸೆಯಲ್ಲಿ ಒಂದು ಪಕ್ಕ ಬೋಳಿಸಿ ಸಂತೆಯಲ್ಲಿ ಮೆರೆಸುವುದು. ಆ ಮೈಯಲ್ಲಿ ದಪ್ಪಗಿದ್ದದ್ದು ಮೀಸೆಯೊಂದೇ. ಆದರೂ ಉಗ್ರಪ್ಪ ಒಪ್ಪಿದ. ಹೊಳೆದಂಡೆಯ ರೈತಳು ದ್ಯಾಮವ್ವನ ಮಗ ಹಿಂದಿನ ದಿನವೇ ಅವನ ಮನೆಗೆ ಬಂದು, ಗಡಿಯಲ್ಲಿ ಗಾಡಿ ತಡೆದಿದ್ದಾರೆಂದು ಗೋಳಾಡಿ ಹೋಗಿದ್ದ.

ಗಡಿ ತಲುಪಿದಾಗ ನೆತ್ತಿ ಸುಡುವ ಬಿಸಿಲು. ಅಡ್ಡಗಂಬದ ಈಚೆ ಕಲ್ಲಂಗಡಿ ತುಂಬಿದ ಗಾಡಿಗಳ ಸಾಲು. ಹೊಳೆಯ ಮರಳಲ್ಲಿ ದ್ಯಾಮವ್ವ ಮತ್ತು ಅವಳ ನೆರೆಯವರು ಬೇಸಿಗೆಯಿಡೀ ಬೆಳೆದ ಹಣ್ಣು. ಕೆಲವು ಆಗಲೇ ಕಾವಿಗೆ ಬಿರಿದು ಹುಳಿವಾಸನೆ ಹೊಡೆಯುತ್ತಿದ್ದವು. ಇನ್ನೊಂದು ದಿನ ನಿಂತರೆ ಎತ್ತುಗಳಿಗೇ ಹಾಕಬೇಕು.

ಏರುಗಲ್ಲಿನ ಸುಂಕದ ಅಧಿಕಾರಿ ರಾಚಪ್ಪಯ್ಯ ನೆರಳಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದ. ದೊರೆಯನ್ನು ಕಂಡು ಎದ್ದು ನಡು ಬಗ್ಗಿಸಿದ, ಕಂಬ ಮಾತ್ರ ಎತ್ತಲಿಲ್ಲ. ಒಪ್ಪಂದದಂತೆ ಕಡಲೆಗುಂದಿಯ ಸ್ವಂತ ಸರಕಿಗೆ ಸುಂಕವಿಲ್ಲ, ನಿಜ. ಆದರೆ ಯಾವ ಸರಕಿನಲ್ಲಿ ಯಾವ ನಾಡಿನ ಪಾಲು ಹೆಚ್ಚಿದೆಯೋ ಸರಕು ಆ ನಾಡಿನದು ಎಂದೂ ಅದರಲ್ಲಿದೆಯಂತೆ. ಅವನು ಒಂದು ಹಣ್ಣು ಒಡೆದು ಹಿಂಡಿ ತೋರಿಸಿದ. "ಇದರಲ್ಲಿ ಇರೋದೆಲ್ಲ ನೀರು, ಮಹಾಸ್ವಾಮಿ. ಹೊಳೆ ಹುಟ್ಟೋದು ನಮ್ಮ ಗುಡ್ಡದಲ್ಲಿ. ಹಾಗಾಗಿ ಇದು ತಮ್ಮ ಹಣ್ಣಲ್ಲ. ಸುಂಕ ಕಟ್ಟಲಿ."

ದ್ಯಾಮವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಹೋದ ಮಳೆಗಾಲದಾಗೆ ಇದೇ ಹೊಳೆ ನನ್ನ ಗುಡಿಸಲು ಎತ್ಕೊಂಡು ಹೋಯ್ತಲ್ಲ ಬುದ್ಧೀ, ಆವಾಗ ನಿಮ್ಮ ನೀರನ್ನ ಹಿಡ್ಕೊಳ್ಳೋಕೆ ಯಾಕೆ ಬರಲಿಲ್ಲ?"

ರಾಚಪ್ಪಯ್ಯ ಅದಕ್ಕೆ ಓಲೆಯಲ್ಲಿ ಉತ್ತರ ಹುಡುಕತೊಡಗಿದ. ದೊರೆ ಬೆವರು ಒರೆಸಿಕೊಂಡ. ಉಗ್ರಪ್ಪ ಮಾತ್ರ ಅಧಿಕಾರಿಗೆ ಕೈಮುಗಿದು, ಅಯ್ಯನವರು ಹೇಳಿದ್ದು ನೂರಕ್ಕೆ ನೂರು ಸರಿ ಎಂದುಬಿಟ್ಟ. ದ್ಯಾಮವ್ವ ಅವನನ್ನು ನುಂಗುವಂತೆ ನೋಡಿದಳು.

"ನೀರು ನಿಮ್ಮದೇ ಸ್ವಾಮಿ," ಎಂದ ಉಗ್ರಪ್ಪ. "ಹರಿದು ಬಂದಿದ್ದ ನಿಮ್ಮ ನೀರನ್ನ ನಮ್ಮೋರು ಒಂದು ತೊಟ್ಟೂ ಚೆಲ್ಲದೆ ಹಸಿರು ಕೊಡಗಳಲ್ಲಿ ತುಂಬಿ, ಬಾಯಿ ಭದ್ರ ಮಾಡಿ, ವಾಪಸು ತಂದಿದ್ದಾರೆ. ತಮ್ಮನೆ ನೀರು ತಮ್ಮನೆಗೆ ಬಂದ್ರೆ ಸುಂಕ ಯಾರು ಹಾಕ್ತಾರೆ? ಇಳಿಸ್ಕೊಳ್ಳಿ. ಕೊಡದ ಬಾಡಿಗೆ, ಬೇಸಿಗೆಯಿಡೀ ಕಾದ ಕೂಲಿ, ಗಾಡಿ ಬಾಡಿಗೆ, ಇಷ್ಟು ಕೊಟ್ಬಿಡಿ."

ರಾಚಪ್ಪಯ್ಯನ ಬೀಸಣಿಗೆ ನಿಂತಿತು. ಗಾಡಿಯವರೆಲ್ಲ ಇಳಿದು ಸುತ್ತ ಸೇರಿದರು. ಕೂಲಿ ಎಷ್ಟು ಕೇಳಬೇಕೆಂದು ಅವರಲ್ಲೇ ಚರ್ಚೆ ಶುರುವಾಯಿತು. ಇದ್ದಬದ್ದ ಬೊಕ್ಕಸ ಹೊಳೆಯಲ್ಲಿ ತೇಲಿಹೋಗುವುದು ಕಣ್ಣಿಗೆ ಕಟ್ಟಿದಂತಾಗಿ ಅಧಿಕಾರಿ ತಡವರಿಸಿದ. ಹಾಗಲ್ಲ, ಗಡಿ ದಾಟಿದ ಮೇಲೆ ನೀರು ನಮ್ಮದು ಹೇಗಾದೀತು, ಅದು ನಿಮ್ಮದೇ ಎಂದ.

"ಹೌದಾ? ನೀರು ನಮ್ಮದಾದ್ರೆ ಹಣ್ಣೂ ನಮ್ಮದೇ. ಕಂಬ ಎತ್ತಿ ಸ್ವಾಮಿ, ಎತ್ತುಗಳು ಕಾಯ್ತಾ ಇವೆ."

ಕಂಬ ಎದ್ದಿತು. ದ್ಯಾಮವ್ವ ಹೋಗುತ್ತಾ ಒಂದು ದೊಡ್ಡ ಹಣ್ಣನ್ನು ಉಗ್ರಪ್ಪನ ಕೈಗೆ ಹಾಕಿದಳು. ಅದರ ಭಾರಕ್ಕೆ ಅವನು ಕೂತೇಬಿಟ್ಟ.

ದೊರೆ ದಾರಿಯುದ್ದಕ್ಕೂ ಏರುಗಲ್ಲಿನವರ ಕುತಂತ್ರವನ್ನು ಬೈಯುತ್ತಾ ಬಂದ. ನಮ್ಮ ಕಟ್ಟೆಯಲ್ಲಿ ಇಂಥ ನರಿಬುದ್ಧಿ ನಡೆಯೋದಿಲ್ಲ ಎಂದ. ಅಷ್ಟರಲ್ಲಿ ನಮ್ಮ ಕಟ್ಟೆಯೇ ಎದುರಾಯಿತು. ಅಲ್ಲಿ ಇಳಿಸಿದ ಅಡ್ಡಗಂಬದ ಪಕ್ಕ ಏರುಗಲ್ಲಿನ ಮಾಳಪ್ಪನೆಂಬ ವ್ಯಾಪಾರಿ ಕಂಬಳಿ ಹೊರೆಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದ.

ಯಾಕೆ ತಡೆದಿದ್ದೀಯ ಎಂದು ದೊರೆ ಕೇಳಿದರೆ ನಮ್ಮ ಸುಂಕದವನು ಹೆಮ್ಮೆಯಿಂದ ಓಲೆ ತೆಗೆದು ಓದಿದ. ಏರುಗಲ್ಲಿನ ಕಂಬಳಿಗೆ ಸುಂಕವಿಲ್ಲ, ಆದರೆ ಅದು ಬೆಚ್ಚಗಿರಬಾರದು. ಬೆಚ್ಚಗಿದ್ದರೆ ನಮ್ಮ ಕಂಬಳಿ ಕೊಳ್ಳುವವರು ಯಾರು?

"ಇದನ್ನ ಬರೆದ ಮುಠ್ಠಾಳ ಯಾರು?" ಎಂದು ದೊರೆ ಗುಡುಗಿದ.

ಸುಂಕದವನು ಓಲೆಯನ್ನೇ ಮುಂದೆ ಚಾಚಿದ. ಉಗ್ರಪ್ಪ ಅದನ್ನು ಇಸಿದುಕೊಂಡು ಅತ್ತಿತ್ತ ತಿರುಗಿಸಿದ. "ನನಗೆ ಓದು ಅಷ್ಟಾಗಿ ಬರಲ್ಲ ಪ್ರಭು. ಕೆಳಗಿರೋ ಮುದ್ರೆ ಮಾತ್ರ ತಮ್ಮ ಬೆರಳಲ್ಲಿರೋ ಉಂಗುರದ ಥರಾನೇ ಕಾಣುತ್ತೆ."

ಹಂಪರಸ ಉಂಗುರ ನೋಡಿಕೊಂಡ, ಓಲೆ ನೋಡಿದ. ಮೊದಲು ಕಿವಿ ಕೆಂಪಾಯಿತು, ಆಮೇಲೆ ನಗು ಉಕ್ಕಿ ಬಂತು. ಸೋತೆ ಕಣೋ ಎಂದು ಉಗ್ರಪ್ಪನಿಗೆ ಹೇಳಿ, ಮಾಳಪ್ಪನ ಕೈಗೆ ಒಂದು ವರಹ ಹಾಕಿ, ಇದ್ದುದರಲ್ಲೇ ದಪ್ಪ ಕಂಬಳಿ ಎಳೆದು ಆ ಉರಿಬಿಸಿಲಲ್ಲಿ ಅವನ ಮೈತುಂಬ ಹೊದಿಸಿದ. ಉಗ್ರಪ್ಪನ ಮೀಸೆಯಿಂದ ಬೆವರು ತೊಟ್ಟಿಕ್ಕಿತು.

"ಹೇಗಿದೆಯೋ? ಬೆಚ್ಚಗಿದೆಯಾ?"

ಉಗ್ರಪ್ಪ ಸುಂಕದವನತ್ತ ಒಮ್ಮೆ ಓರೆಗಣ್ಣಲ್ಲಿ ನೋಡಿ ದನಿ ತಗ್ಗಿಸಿದ.

"ಈ ಕಂಬ ದಾಟಿದ ಮೇಲೆ ಹೇಳ್ತೀನಿ ಪ್ರಭು."